ಅಪ್ಪನಿಗೆ ನಾಲ್ಕನೆಯ ಕೋಲು

೧೯೫೭, ದೀಪಾವಳಿಯ ಹಿಂದಿನ ವಾರ, ಗುರುವಾರ, ಬೆಳಿಗ್ಗೆ ಆರೂವರೆ. ಗಜೇಂದ್ರಗಡದ ನಮ್ಮ ಮನೆಯ ಮುಂದಿನ ಓಣಿಯಲ್ಲಿ ಇದ್ದವರು ಅಪ್ಪ, ಅವ್ವ, ನಾನು ಮತ್ತು ನಾಲ್ಕನೆಯ ಕೋಲು ತಂದಿದ್ದ ಬಡಿಗ. ನಾನು ಆಗ ರೋಣದಲ್ಲಿ ಸಾಲಿ ಮಾಸ್ತರ. ಒಂದೇ ದಿನದ ರಜೆ ಹಾಕಿ ಬಂದಿದ್ದೆ.

ಆ ವರ್ಷ ಬೇಸಿಗೆಯಲ್ಲಿ ಬಂದ ಜ್ವರ ಇಳಿದ ಮೇಲೆ ಅಪ್ಪನ ಕಾಲು ಹದ ತಪ್ಪಿದ್ದವು. ಶಕ್ತಿ ಇತ್ತು, ಆದರೆ ಪಾದ ಇಟ್ಟಲ್ಲಿ ಬೀಳುತ್ತಿರಲಿಲ್ಲ, ಮೈ ಒಂದು ಕಡೆ ವಾಲುತ್ತಿತ್ತು. ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯುವ ಕುಣಿಮಗ್ಗದಲ್ಲಿ ಕೂಡಿಸಿಬಿಟ್ಟರೆ ಮೊದಲಿನಂತೆ ಸೀರೆ ನೇಯುತ್ತಿದ್ದರು. ಹಾಸಿಗೆಯಿಂದ ಮಗ್ಗಕ್ಕೆ ಹನ್ನೆರಡು ಹೆಜ್ಜೆ. ದಿನಕ್ಕೆ ಆರೇಳು ಸಲ ಆ ಹನ್ನೆರಡು ಹೆಜ್ಜೆಯನ್ನು ಅವ್ವ ಹೆಗಲು ಕೊಟ್ಟು ನಡೆಸುತ್ತಿದ್ದಳು. ಮಂಗಳವಾರ ಇಬ್ಬರೂ ಕೂಡಿಯೇ ಬಿದ್ದಿದ್ದರು. ಅವ್ವನ ಸೊಂಟ ಹಿಡಿದುಕೊಂಡಿತ್ತು. ಇಂದಿನ ಕೋಲೂ ಹೊಂದದಿದ್ದರೆ ನಾಳೆ ಮಗ್ಗ ಬಿಚ್ಚುವುದೆಂದು ಮಾತಾಗಿತ್ತು. ಮಗ್ಗ ಬಿಚ್ಚಿದ ಮೇಲೆ ಅಪ್ಪ ಏನು ಮಾಡಬೇಕು ಎಂಬ ಮಾತನ್ನು ಯಾರೂ ಎತ್ತಿರಲಿಲ್ಲ.

ಮೊದಲಿನದು ತಲೆಯೆತ್ತರದ ಬಿದಿರು. ಅದನ್ನು ಮುಂದೆ ದೂರ ಊರಿ, ಅದರ ಬೆನ್ನು ಹತ್ತಿ ಓಡುವವರಂತೆ ಮುಗ್ಗರಿಸುತ್ತಿದ್ದರು. ಎರಡನೆಯದು ಹಿಡಿಕೆಯ ಗಿಡ್ಡ ಕೋಲು. ಅದರ ಮೇಲೆ ಬಾಗಿ ಬಾಗಿ ಬಿದ್ದರು. ಮೂರನೆಯ ಸಲ ದವಾಖಾನೆಯವರ ಮಾತಿನಂತೆ ಬಗಲಿಗೆ ಇಟ್ಟುಕೊಳ್ಳುವ ಜೋಡಿ ಕೋಲು ಮಾಡಿಸಿದೆ.

"ಎರಡು ಕಾಲ ನನ್ನ ಮಾತ ಕೇಳವಲ್ಲವು, ನಾಕಕ್ಕ ಹ್ಯಾಂಗ ಹೇಳ್ಲೋ ತಮ್ಮಾ?" ಎಂದು ಅಪ್ಪ ಅವನ್ನು ಗೋಡೆಗೆ ಆನಿಸಿದ್ದರು.

ನಾಲ್ಕನೆಯದನ್ನು ದವಾಖಾನೆಯವರೇ ಹೇಳಿದ ಹಾಗೆ ಮಣಿಕಟ್ಟಿನ ಎತ್ತರಕ್ಕೆ ಸರಿಯಾಗಿ ಅಳೆದು ಕೊಯ್ಯಿಸಿದ್ದೆ. ಆ ಬೆಳಿಗ್ಗೆ ಅದನ್ನು ಊರಿ ಅಪ್ಪ ಓಣಿಯಲ್ಲಿ ನಾಲ್ಕು ಹೆಜ್ಜೆ ಇಟ್ಟರು. ಐದನೆಯದಕ್ಕೆ ಕೋಲು ಒಂದು ಕಡೆ, ಅವರು ಒಂದು ಕಡೆ. ಬಡಿಗ ಹಿಡಿದುಕೊಂಡ. ಅವರನ್ನು ಕಟ್ಟೆಯ ಮೇಲೆ ಕೂಡಿಸಿ ನಾವು ಕೆಲಸಕ್ಕೆ ನಿಂತೆವು.

ಓಣಿಯುದ್ದಕ್ಕೂ ಸೊಂಟದೆತ್ತರದಲ್ಲಿ ಮಗ್ಗದ ಹಾಸು ಎಳೆದು ಕಟ್ಟಿದ್ದೆವು. ಹಾಸೆಂದರೆ ಸೀರೆಯ ಉದ್ದನೆಯ ಎಳೆಗಳು; ಅವಕ್ಕೆ ಬಿಸಿಲೇರುವ ಮೊದಲು ಗಂಜಿ ಹಚ್ಚಿ ಕುಂಚ ಎಳೆದು ಮುಗಿಸಬೇಕು. ನಾನೂ ಅವ್ವನೂ ಆಚೆ ತುದಿಯಲ್ಲಿದ್ದೆವು. ತಿರುಗಿ ನೋಡಿದರೆ ಅಪ್ಪ ಕಟ್ಟೆಯಿಂದ ಎದ್ದು ಹಾಸಿನ ಪಕ್ಕ ಕೋಲಿಲ್ಲದೆ ಬರುತ್ತಿದ್ದರು. ಹರಿದ ಎಳೆ ಹುಡುಕುತ್ತ, ಬೆರಳ ತುದಿಯನ್ನು ನೂಲಿನ ಮೇಲೆ ಆಡಿಸುತ್ತ.

"ಹಾಸ ಮುಟ್ಟಬ್ಯಾಡ್ರಿ," ಎಂದಳು ಅವ್ವ. "ಜೋಲಿ ಹೊಡದ್ರ ಎಲ್ಲಾ ಎಳಿ ಹರದ ಹೋಗ್ತಾವ."

"ನಲವತ್ತು ವರ್ಷದಾಗ ಎಷ್ಟ ಹರದೀನಿ, ಹೇಳ ನೋಡೂಣು."

"ಆವಾಗ ಕಾಲ ನೆಟ್ಟಗಿದ್ದೂವ್ರಿ."

ಅಪ್ಪ ಬಗ್ಗಿ, ಮೊದಲೇ ಹರಿದಿದ್ದ ಒಂದು ಎಳೆಯನ್ನು ಹೊಸೆದು ಕೂಡಿಸಿ ಮತ್ತೆ ಮುಂದೆ ಬಂದರು. ಬಡಿಗ ಗಂಟು ಕಟ್ಟುತ್ತಿದ್ದ ಹತಾರಗಳನ್ನು ಕೆಳಗಿಟ್ಟ.

"ಮಾಸ್ತರ, ಲೆಕ್ಕ ಇಟ್ಟೀರೇನು? ಇಪ್ಪತ್ತು ಹೆಜ್ಜಿ ಆತು. ನಿಮ್ಮ ಅಳತಿ ಕೋಲಿಗೆ ನಾಕು."

ಅಪ್ಪನ ಕೈಯಿಂದ ಹಾಸಿನಲ್ಲಿ ಒಂದು ಎಳೆಯೂ ಹರಿದಿರಲಿಲ್ಲ. ಅಂದರೆ ಅವರು ಅದಕ್ಕೆ ಭಾರ ಕೊಟ್ಟಿರಲೇ ಇಲ್ಲ. ನಾನು ಇಷ್ಟು ತಿಂಗಳು ಅವರ ಭಾರ ಹೊರುವ ಕಟ್ಟಿಗೆಯನ್ನು ಹುಡುಕಿದ್ದೆ. ಅವರಿಗೆ ಬೇಕಾದದ್ದು ಬೆರಳಿಗೆ ತಾಕುತ್ತ ಇರುವ, ಅಲುಗದ ಒಂದು ಗೆರೆ.

"ಕೋಲ ಬ್ಯಾಡ್ರಿ ಇವರಿಗೆ," ಎಂದ ಬಡಿಗ. "ಗ್ವಾಡಿಗುಂಟ ಒಂದು ಉದ್ದ ಬಿದರಿನ ಗಳ ಬಡೀತೀನಿ. ಹಾಸಿಗಿಯಿಂದ ಮಗ್ಗದ ತನಕ."

ಎತ್ತರಕ್ಕಾಗಿ ನಾನು ಮತ್ತೆ ಮಣಿಕಟ್ಟು ಅಳೆಯಲು ಹೋದೆ. ಅಪ್ಪ ಕೈ ಎಳೆದುಕೊಂಡರು.

"ದವಾಖಾನಿ ಅಳತಿ ಸಾಕು ಮಾಡು. ಹಾಸಿನ ಎತ್ತರಕ್ಕ ಬಡಿ ಅನ್ನು."

ಹಾಗೆಯೇ ಆಯಿತು. ಗೂಟ ಹೊಡೆಯುವಾಗ ಮಣ್ಣಿನ ಗೋಡೆ ಎರಡು ಕಡೆ ಉದುರಿತು. ಕೆಸರು ಕಲಸಿ ಮೆತ್ತಿದೆ. ಸಂಜೆ ಐದಕ್ಕೆ ಗಳ ನಿಂತಿತು. ಅಪ್ಪ ಎದ್ದರು. ಅವ್ವ ರೂಢಿಯಂತೆ ಹೆಗಲು ಒಡ್ಡಲು ಮುಂದಾಗಿ, ಬಡಿಗ ಕೈ ಅಡ್ಡ ಮಾಡಿದ್ದಕ್ಕೆ ನಿಂತಳು. ಹನ್ನೆರಡು ಹೆಜ್ಜೆಗೆ ಬಹಳ ಹೊತ್ತು ಹಿಡಿಯಿತು. ಕುಣಿಯ ಅಂಚಿನಲ್ಲಿ ಗಳ ಮುಗಿದಿತ್ತು. ಅಲ್ಲಿ ಕೈ ಗಾಳಿಯಲ್ಲಿ ತಡಕಾಡಿತು. ಬಡಿಗ ಅಲ್ಲೊಂದು ನಿಲುಗಂಬ ನೆಟ್ಟ. ಎರಡನೆಯ ಸಲ ಅದನ್ನು ಹಿಡಿದು ಕುಣಿಗೆ ಇಳಿದರು.

"ಮಗ್ಗ ಬಿಚ್ಚೂದು?" ಎಂದೆ.

"ಅದರ ಮಾತ ಬಿಡು," ಎಂದಳು ಅವ್ವ. ಗೋಡೆಗೆ ಬೆನ್ನು ಕೊಟ್ಟು ನೆಲದ ಮೇಲೆ ಕುಳಿತವಳು ಏಳಲಿಲ್ಲ.

ಓಣಿಗೆ ಇಳಿಯಲು ಅಪ್ಪನಿಗೆ ಕೊನೆಯವರೆಗೂ ಒಬ್ಬರ ಕೈ ಬೇಕಾಯಿತು. ಅದಕ್ಕೆ ನಮ್ಮಲ್ಲಿ ಯಾವ ಉಪಾಯವೂ ಇರಲಿಲ್ಲ. ಆ ಸಂಜೆ ಗಳದಲ್ಲಿ ಇನ್ನೂ ಸಿಬಿರು ಉಳಿದಿದ್ದವು. ಒಡೆದ ಗಾಜಿನ ಚೂರಿನಿಂದ ಈ ತುದಿಯಿಂದ ಆ ತುದಿಯವರೆಗೆ ಹೆರೆದೆ. ಕಣ್ಣು ಮುಚ್ಚಿ ಬೆರಳಾಡಿಸಿ ನೋಡಿದೆ, ಎಲ್ಲಿಯೂ ಚುಚ್ಚಲಿಲ್ಲ. ಆಗ ಆರು ಗಂಟೆ, ನನ್ನ ಒಂದು ದಿನದ ರಜೆ ಮುಗಿಯುತ್ತ ಬಂದಿತ್ತು.