ಎಪ್ಪತ್ತೆರಡು ಪೆಟ್ಟು, ಮಾಡದ ಒಂದು ಫೋನು

ಬೆಳಗಿನ ಐದೂವರೆ. ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸ್ ಹಿಂದಿನ ಪುಟ್ಟ ಚರ್ಚಿನ ಹಿತ್ತಲಲ್ಲಿ ಇನ್ನಾಸಪ್ಪ ಕುಕ್ಕರಗಾಲಲ್ಲಿ ಕೂತು ಕಬ್ಬಿಣದ ಬಾಣಲೆಗೆ ಒಣಗರಿ ಮುರಿದು ಹಾಕುತ್ತಿದ್ದಾರೆ. ಹೋದ ವರ್ಷ ಗರಿಗಳ ಭಾನುವಾರ ಜನ ಕೈಯಲ್ಲಿ ಹಿಡಿದು ಮೆರವಣಿಗೆ ಬಂದು, ಆಮೇಲೆ ಮನೆಯ ಶಿಲುಬೆಗೆ ಸಿಕ್ಕಿಸಿಟ್ಟ ಗರಿಗಳು ಇವು. ಇವನ್ನು ಸುಟ್ಟ ಬೂದಿಯನ್ನೇ ನಾಳೆ ವಿಭೂತಿ ಬುಧವಾರ ಫಾದರ್ ಎಲ್ಲರ ಹಣೆಗೆ ಹಚ್ಚುತ್ತಾರೆ. ತಪ್ಪು ಒಪ್ಪಿಕೊಂಡು ದೇವರ ಕಡೆ ತಿರುಗುವ ನಲವತ್ತು ದಿನಗಳ ತಪಸ್ಸುಕಾಲ ಅಲ್ಲಿಂದ ಶುರು.

ಬೇಲಿಯಾಚೆ ನಲ್ಲಿ ನೀರು ಹಿಡಿಯುವ ಈಶ್ವರಮ್ಮ ಪ್ರತಿ ವರ್ಷದಂತೆ ಕಿಚಾಯಿಸುತ್ತಾರೆ. "ಏನ್ ಮಾರಾಯ, ನಾವು ದಿನಾ ಬಳ್ಕೊಳೋ ವಿಭೂತೀನ ನೀವು ವರ್ಷಕ್ಕೊಂದ್ಸಲ ಬಳ್ಕೊಳೋಕೆ ಇಷ್ಟೊಂದು ಹೊಗೆ ಎಬ್ಬಿಸ್ತೀರಲ್ಲ!"

"ನಮ್ದು ಪಶ್ಚಾತ್ತಾಪದ ಬೂದಿ ಈಶ್ವರಮ್ಮ. ದಿನಾ ಬಳ್ಕೊಳೋಕೆ ಧೈರ್ಯ ಸಾಲ್ದು."

ಅರವತ್ಮೂರರ ಇನ್ನಾಸಪ್ಪ ಕಾರ್ಖಾನೆಯ ಗುತ್ತಿಗೆ ಕೆಲಸ ನಿಂತ ಮೇಲೆ ಚರ್ಚಿಗೆ ಬಂದವರು. ಇಪ್ಪತ್ತಾರು ವರ್ಷವಾಯಿತು. ದಿನಕ್ಕೆ ಮೂರು ಸಲ ಗಂಟೆ, ಕಸ, ಮೇಣದ ಬತ್ತಿ, ಹೂವು. ತಪಸ್ಸುಕಾಲಕ್ಕೆ ಮುಂಚೆ ಸೈಕಲ್ ಹತ್ತಿ ಮುನ್ನೂರು ಮನೆಗಳಿಂದ ಗರಿ ತರುತ್ತಾರೆ. ಎರಡು ಮೂಟೆ ಗರಿ ಸುಟ್ಟು, ಹಳೇ ಪಂಚೆಯಲ್ಲಿ ಮೂರು ಸಲ ಜರಡಿ ಹಿಡಿದರೆ ಒಂದು ಸಣ್ಣ ಡಬ್ಬಿ ಬೂದಿ. ಒಂಬೈನೂರು ಹಣೆಗೆ ಅಷ್ಟು ಸಾಕು. ಆದರೆ ಹನ್ನೊಂದು ವರ್ಷದಿಂದ ಅವರ ಸ್ವಂತ ಹಣೆಗೆ ಬೂದಿ ಬಿದ್ದಿಲ್ಲ. ಸಾಲು ಕರಗುವ ಹೊತ್ತಿಗೆ ಅವರಿಗೆ ಗಂಟೆಗೋಪುರದಲ್ಲೇನೋ ಕೆಲಸ ನೆನಪಾಗುತ್ತಿತ್ತು.

ಕಾರಣ ಆ ಗಂಟೆಯೇ. ಊರಲ್ಲಿ ಕ್ರೈಸ್ತರು ಯಾರು ತೀರಿಕೊಂಡರೂ ವಯಸ್ಸಿಗೊಂದರಂತೆ ಪೆಟ್ಟು ಹೊಡೆಯುವುದು, ದೂರದ ಬಂಧುಗಳಿಗೆ ಫೋನ್ ಮಾಡುವುದು, ಎರಡೂ ಇನ್ನಾಸಪ್ಪನವರ ಪಾಲಿನ ಕೆಲಸ. ಹನ್ನೊಂದು ವರ್ಷದ ಹಿಂದೆ ತಾಯಿ ಲೂರ್ದಮ್ಮ ಹೋದಾಗ ಎಪ್ಪತ್ತೆರಡು ಪೆಟ್ಟು ಹೊಡೆದರು. ಎಲ್ಲರಿಗೂ ಫೋನ್ ಮಾಡಿದರು. ಜಾತಿ ಬಿಟ್ಟು, ಚರ್ಚು ಬಿಟ್ಟು ಮೂರ್ತಪ್ಪ ಎಂಬವರನ್ನು ಮದುವೆಯಾಗಿ ಶಿವಮೊಗ್ಗದ ವಿನೋಬನಗರದಲ್ಲಿದ್ದ ತಂಗಿ ಆರೋಗ್ಯಮೇರಿಗೆ ಮಾತ್ರ ಮಾಡಲಿಲ್ಲ.

"ಗಂಟೆ ಭದ್ರಾವತಿಗೆಲ್ಲ ಕೇಳ್ತು. ಹದಿನೆಂಟು ಕಿಲೋಮೀಟರ್ ಆಚೆ ನನ್ ತಂಗಿಗೆ ಕೇಳ್ಲಿಲ್ಲ," ಎನ್ನುತ್ತಾರೆ. "ಅಮ್ಮ ಕೊನೇ ಉಸಿರಿನ ತನಕ 'ಮೇರಿ ಬಂದ್ಲಾ, ಮೇರಿ ಬಂದ್ಲಾ' ಅಂತಿದ್ಲು. ನನಗೆ ಸಿಟ್ಟು. ಮೂರನೇ ದಿನ ಯಾರಿಂದ್ಲೋ ತಿಳಿದು ಅವಳು ಓಡ್ಕೊಂಡು ಬಂದಾಗ ಲೈನ್ ಸಿಗ್ಲಿಲ್ಲ ಅಂದ್ಬಿಟ್ಟೆ. ಫೋನ್ ಮುಟ್ಟೇ ಇರ್ಲಿಲ್ಲ ನಾನು."

ಕಳೆದ ಕ್ರಿಸ್ಮಸ್‌ಗೆ ಮುಂಚೆ ಪಾಪನಿವೇದನೆಗೆ ಮೊಣಕಾಲೂರಿ ಅದನ್ನು ಹೇಳಿಕೊಂಡರು. "ಫಾದರ್ ಅಂದ್ರು, ದೇವರು ಕ್ಷಮಿಸ್ತಾನೆ ಇನ್ನಾಸಪ್ಪ, ಅದರಲ್ಲಿ ಅನುಮಾನ ಇಲ್ಲ. ಆದ್ರೆ ತಂಗೀನ ಕೇಳಿದ್ಯಾ ಅಂತ. ದೇವರ ಮನೆಗೆ ಹೋಗೋ ದಾರಿ ವಿನೋಬನಗರದ ಮೇಲೇನೇ ಹೋಗುತ್ತೆ ಅಂತ ಆವತ್ತು ಗೊತ್ತಾಯ್ತು ನೋಡಿ."

ಗೊತ್ತಾದರೂ ಬಸ್ಸು ಹತ್ತಲು ಎರಡು ತಿಂಗಳು ಹಿಡಿಯಿತು. ಮೊನ್ನೆ ಭಾನುವಾರ ಹೋದರು. ಬಾಗಿಲು ತೆಗೆದವರು ಮೂರ್ತಪ್ಪ. "ಬನ್ನಿ ಭಾವ, ಒಳಗೆ ಬನ್ನಿ," ಎಂದರಂತೆ, ನಿನ್ನೆ ತಾನೇ ಬಂದು ಹೋದವರನ್ನು ಕರೆದ ಹಾಗೆ. ಇನ್ನಾಸಪ್ಪ ಹೊಸ್ತಿಲಲ್ಲೇ ನಿಂತರು. ಒಳಗಿಂದ ತಂಗಿ ಬಂದಳು. ತಲೆ ನರೆತಿತ್ತು.

"ಗರಿ ಕೇಳೋಕೆ ಬಂದ್ಯಾ ಅಣ್ಣ?"

"ಇಲ್ಲಮ್ಮ. ಆವತ್ತು ಲೈನ್ ಸಿಗ್ಲಿಲ್ಲ ಅಂದಿದ್ದು ಸುಳ್ಳು. ಬೇಕೂಂತಲೇ ಮಾಡ್ಲಿಲ್ಲ. ತಪ್ಪಾಯ್ತು."

"ಗೊತ್ತಿತ್ತು. ಅಮ್ಮಂಗೆ ಹುಷಾರಿಲ್ಲ ಅಂತ, ನೀನು ಕರೀದೆ ಬರೋ ಹಾಗಿಲ್ಲ ಅಂತ, ಆ ವಾರವೆಲ್ಲ ಫೋನ್ ನನ್ ಕೈಯಲ್ಲೇ ಇತ್ತು." ಆಮೇಲೆ ಕೇಳಿದಳು, "ಕ್ಷಮಿಸಿದೆ ಅಂತಲೇ ಇಟ್ಕೋ. ಅಮ್ಮನ ಮುಖ ಯಾರು ತೋರಿಸ್ತಾರೆ ನಂಗೆ?"

 

ತಂಗಿ ಒಳಗೆ ಹೋಗಿ ದೇವರ ಗೂಡಿನಿಂದ ಒಂದು ಗರಿ ತಂದಳು. ಲೂರ್ದಮ್ಮ ಸಾಯುವ ವರ್ಷ ಮಗನಿಗೆ ಕಾಣದಂತೆ ಬಸ್ಸಿನಲ್ಲಿ ಬಂದು ಮಗಳಿಗೆ ಕೊಟ್ಟು ಹೋಗಿದ್ದ ಗರಿ. ಮಧ್ಯಕ್ಕೆ ಮುರಿದು ಅರ್ಧ ಅಣ್ಣನ ಕೈಗಿಟ್ಟಳು. "ಇಷ್ಟು ಸುಡು. ಇನ್ನರ್ಧ ಸುಡೋಕೆ ನನ್ನಿಂದಾಗಲ್ಲ, ಈಗ್ಲೇ ಆಗಲ್ಲ."

ಆ ಅರ್ಧ ಗರಿಯನ್ನು ಇನ್ನಾಸಪ್ಪ ಈಗ ಎಲ್ಲಕ್ಕಿಂತ ಕೊನೆಗೆ ಬಾಣಲೆಗೆ ಹಾಕುತ್ತಾರೆ. ಹನ್ನೊಂದು ವರ್ಷ ಒಣಗಿದ್ದು, ಹಾಕಿದ್ದೇ ತಡ, ಚುರ್ರೆಂದು ಹೋಗುತ್ತದೆ. "ನಾಳೆ ಸಾಲಿನ ಕೊನೇಲಿ ನಿಂತ್ಕೋತೀನಿ," ಎನ್ನುತ್ತಾರೆ, ಕಣ್ಣೊರೆಸಿಕೊಂಡು. ಹೊಗೆ ಅಂತೂ ಅಷ್ಟಿಲ್ಲ.

ಆರಕ್ಕೆ ಐದು ನಿಮಿಷ. ಬೆಳಗಿನ ಗಂಟೆಗೆ ಗೋಪುರದ ಕೆಳಗೆ ಹೋಗುತ್ತಾರೆ. ಸಾವಿನ ಸುದ್ದಿ ಮುಟ್ಟಿಸಲು ಗೋಡೆಯ ಮೇಲೆ ಬರೆದಿಟ್ಟ ಫೋನ್ ನಂಬರುಗಳಿವೆ: ಫಾದರ್, ಗುಂಡಿ ತೋಡುವವರು, ಶವಪೆಟ್ಟಿಗೆ ಮಾಡುವವರು. ಎಲ್ಲಕ್ಕೂ ಮೇಲೆ, ಇದ್ದಿಲಲ್ಲಿ ಹೊಸದಾಗಿ ಬರೆದ ಒಂದು ನಂಬರು. ಮುಂದೆ 'ಮೇರಿ' ಎಂದಿದೆ.

"ನಾನು ಹೋದಾಗ ಗಂಟೆ ಯಾರು ಬೇಕಾದ್ರೂ ಹೊಡೀಲಿ, ಒಂದೆರಡು ಪೆಟ್ಟು ತಪ್ಪಿದ್ರೂ ಪರವಾಗಿಲ್ಲ," ಎಂದು ಹಗ್ಗ ಹಿಡಿಯುತ್ತಾರೆ ಇನ್ನಾಸಪ್ಪ. "ಮೊದಲ ಫೋನು ಈ ನಂಬರಿಗೆ ಹೋಗ್ಬೇಕು. ಅವಳು ಬರೋ ತನಕ ಪೆಟ್ಟಿಗೆ ಮುಚ್ಚಬಾರದು."