ಇಂಗಿನ ನೀರಿನ ಬಾಟಲಿ

ಕಳೆದ ವರ್ಷ ಜುಲೈ ಎರಡರಂದು ನನ್ನ ಮೂರನೇ ರಕ್ತಪರೀಕ್ಷೆಯ ವರದಿ ಬಂತು. ಇಳಿಯಬೇಕಿದ್ದ ಅಂಕಿ ಇಳಿದಿರಲಿಲ್ಲ.

ನನಗೆ ಸೀಲಿಯಾಕ್ ಕಾಯಿಲೆ. ಗೋಧಿಯಲ್ಲಿರುವ ಗ್ಲುಟೆನ್ ಎಂಬ ಅಂಶ ಹೊಟ್ಟೆಗೆ ಹೋದರೆ ಸಣ್ಣ ಕರುಳಿನ ಒಳಪದರ ಸವೆಯುತ್ತದೆ. ಮಾತ್ರೆ ಇಲ್ಲ, ಪಥ್ಯವೊಂದೇ. ಗೊತ್ತಾದಾಗ ಮೂವತ್ತೊಂಬತ್ತು ವರ್ಷ. ಕಾರವಾರದ ಪತ್ರಿಕಾ ಕಚೇರಿಯಲ್ಲಿ ನನ್ನ ಕೆಲಸ ಪುಟ ನೋಡುವುದು. ಎದುರಿನ ಮೇಜಿನ ಹಿರಿಯ ವರದಿಗಾರರು ಅಂದೇ ತೀರ್ಪು ಕೊಟ್ಟಿದ್ದರು: "ಕಾರವಾರದಲ್ಲಿದ್ದು ಇದೆಂತಾ ತ್ರಾಸು ಮಾರಾಯ್ತಿ? ಅನ್ನ ಉಂಟು, ಮೀನು ಉಂಟು. ಪಂಜಾಬಿನಲ್ಲಿ ಹುಟ್ಟಿದ್ರೆ ಅಳ್ಬೇಕಿತ್ತು."

ಮೀನನ್ನು ಗೋಧಿಯ ರವೆಯಲ್ಲಿ ಹೊರಳಿಸಿ ಕರಿಯುತ್ತಾರೆ ಎಂದು ನಾನು ಅವರಿಗೆ ನೆನಪಿಸಲಿಲ್ಲ. ಹೋಟೆಲು ಬಿಟ್ಟೆ. ಮದುವೆ ಊಟ ಬಿಟ್ಟೆ. ಯಾವ ಪೊಟ್ಟಣವನ್ನೂ ಹಿಂಬದಿ ಓದದೆ ಮನೆಗೆ ತರುತ್ತಿರಲಿಲ್ಲ.

ಜುಲೈ ವರದಿಯನ್ನು ಗೋವಾದ ವೈದ್ಯರು ಎರಡು ಸಲ ನೋಡಿದರು. "ಹೊರಗೆ ಎಲ್ಲಾದರೂ ಊಟ ಇದೆಯಾ?" ಎಂದು ಕೇಳಿದರು. ಇಲ್ಲ ಎಂದೆ. ವಾರಕ್ಕೊಮ್ಮೆ ಅಮ್ಮನ ಡಬ್ಬಿ ಬರುತ್ತದೆ, ಅದು ಹೊರಗಿನದಲ್ಲ ಎಂದೆ. ಮುಂದಿನ ಸಲವೂ ಇಳಿಯದಿದ್ದರೆ ಮತ್ತೆ ಎಂಡೋಸ್ಕೋಪಿ, ಆಮೇಲೆ ಸ್ಟೀರಾಯ್ಡ್ ಯೋಚಿಸಬೇಕು ಎಂದರು. ನನಗೆ ಏನೂ ಅನ್ನಿಸಲಿಲ್ಲ. ಮರುದಿನ ವರದಿಯನ್ನು ಮಡಚಿ ಡ್ರಾಯರಿನಲ್ಲಿಟ್ಟು ಮೂರನೇ ಪುಟದ ಪ್ರೂಫ್ ನೋಡಿದೆ.

ಅಮ್ಮ ಇರುವುದು ಅಂಕೋಲೆಯಲ್ಲಿ, ತಮ್ಮನ ಸಂಸಾರದೊಂದಿಗೆ. ನನ್ನ ಕಾಯಿಲೆಯ ಸುದ್ದಿ ತಿಳಿದ ವಾರವೇ ಅವಳು ನನಗೆಂದು ಬೇರೆ ಕಾವಲಿ, ಬೇರೆ ಸೌಟು ತೆಗೆದಿಟ್ಟಳು. ಗೋಧಿ ಹಿಟ್ಟಿನ ಡಬ್ಬವನ್ನು ಅಡುಗೆಮನೆಯಿಂದ ಹಿಂದಿನ ಜಗಲಿಗೆ ಸಾಗಿಸಿದಳು. ತಮ್ಮನ ಹೆಂಡತಿ ನಗುತ್ತಿದ್ದಳು: "ಅತ್ತೆ ಗೋಧಿ ಹಿಟ್ಟಿಗೆ ಬೇರೆ ಬಿಡಾರ ಮಾಡ್ಕೊಟ್ಟಿದ್ರು ಅತ್ತಿಗೆ. ಚಪಾತಿ ಮಾಡೂಕೆ ನಾನೂ ಅಲ್ಲಿಗೇ ಹೋಗ್ಬೇಕು."

ಶನಿವಾರ ಬೆಳಿಗ್ಗೆ ಅಮ್ಮ ಮೂರು ಅಂತಸ್ತಿನ ಡಬ್ಬಿಯನ್ನು ಬಟ್ಟೆಯಲ್ಲಿ ಕಟ್ಟಿ ಬಸ್ಸಿಗೆ ಕೊಡುತ್ತಿದ್ದಳು. ನಾನು ಕಾರವಾರದ ನಿಲ್ದಾಣದಲ್ಲಿ ಇಳಿಸಿಕೊಳ್ಳುತ್ತಿದ್ದೆ. ಅನ್ನ, ಒಂದು ಪಲ್ಯ, ಕೆಳಗಿನ ಅಂತಸ್ತಿನಲ್ಲಿ ಬೇಳೆಯ ತೋವೆ. ಕಂಡಕ್ಟರ್ ಒಮ್ಮೆ ಹೇಳಿದ್ದ: "ಅಕ್ಕಾ, ನಿಮ್ಮ ಅಮ್ಮನ ಇಂಗಿನ ವಾಸನೆಗೆ ಅರ್ಗಾ ದಾಟೂದ್ರೊಳಗೆ ಇಡೀ ಬಸ್ಸಿಗೆ ಹಸಿವು."

ನಮ್ಮ ಮನೆಗಳಲ್ಲಿ ತೋವೆಗೆ ಇಂಗಿನ ಪುಡಿ ಹಾಕುವುದಿಲ್ಲ. ಗಟ್ಟಿ ಇಂಗಿನ ತುಂಡನ್ನು ಸಣ್ಣ ಬಾಟಲಿಯಲ್ಲಿ ನೀರು ಹಾಕಿ ನೆನೆಸಿಡುತ್ತಾರೆ. ತೋವೆ ಇಳಿಸಿದ ಮೇಲೆ ಆ ನೀರನ್ನು ಒಂದು ಚಮಚ ಬಿಡುತ್ತಾರೆ. ನೀರು ಮುಗಿದರೆ ಮತ್ತೆ ನೀರು. ತುಂಡು ಕರಗಿದರೆ ಇನ್ನೊಂದು ತುಂಡು. ಅಮ್ಮನಿಗೆ ಕಾರವಾರ ಪೇಟೆಯ ಒಂದೇ ಅಂಗಡಿಯ ಇಂಗು ಆಗಬೇಕು. ಅದನ್ನು ಎಷ್ಟೋ ವರ್ಷಗಳಿಂದ ಒಯ್ದು ಕೊಡುತ್ತಿದ್ದವಳು ನಾನು. ಅಂಗಡಿಯವರು ಕಾಗದದಲ್ಲಿ ಕಟ್ಟಿ ಕೊಡುತ್ತಿದ್ದರು. ಕಾಗದದ ಮೇಲೆ ಓದುವುದಕ್ಕೆ ಏನೂ ಇರುತ್ತಿರಲಿಲ್ಲ.

ಆಗಸ್ಟ್ ಮೂರನೇ ವಾರ ಅಮ್ಮ ಫೋನ್ ಮಾಡಿದಳು. "ಇಂಗು ಮುಗೀತಾ ಬಂತು. ಬರೂವಾಗ ತಕಂಡು ಬಾ."

ಅಂಗಡಿಯಲ್ಲಿ ಆ ದಿನ ಹೊಸ ಡಬ್ಬ ಒಡೆದರು. ತೂಗುವಾಗ ಅದು ನನ್ನ ಎದುರಿಗಿತ್ತು. ಮೇಲೆ ಅಂಟಿಸಿದ ಚೀಟಿಯಲ್ಲಿ ಗೋಂದು, ಗೋಧಿ ಹಿಟ್ಟು, ಇಂಗು ಎಂದಿತ್ತು. ಆ ಸಾಲನ್ನು ಎರಡು ಸಲ ಓದಿದೆ.

"ಎಂತಾ ಓದ್ತ್ರಿ ಅಕ್ಕಾ? ಅದು ನಿಮ್ಮ ಪೇಪರ್ ಅಲ್ಲ."

"ಇದಕ್ಕೆ ಗೋಧಿ ಹಾಕ್ತಾರಾ?"

"ಹಾಕ್ದೆ ಮತ್ತೆ? ಬರೀ ಇಂಗು ಬಾಯಿಗೆ ಇಡೂಕಾಗ್ತದಾ?"

ಹಣ ಕೊಟ್ಟು ಇಂಗನ್ನು ಅಲ್ಲೇ ಬಿಟ್ಟು ಬಂದೆ. ಭಾನುವಾರ ಅಂಕೋಲೆಗೆ ಹೋಗಿ ಅಮ್ಮನಿಗೆ ಹೇಳಿದೆ. ಅವಳು ಒಲೆಕಟ್ಟೆ ಒರೆಸುತ್ತಿದ್ದಳು.

"ಒಂದು ಚಮಚ ನೀರಲ್ಲಿ ಎಂತಾ ಗೋಧಿ ಇರ್ತದೆ?"

"ಅಷ್ಟೇ ಸಾಕು ಅಮ್ಮಾ."

"ಎಷ್ಟು ದಿವಸದಿಂದ?"

"ಶುರುವಿನಿಂದ. ತಂದುಕೊಟ್ಟವಳು ನಾನೇ."

"ಹಾಕ್ದವಳು ನಾನಲ್ವಾ."

ಬಾಟಲಿಯ ನೀರನ್ನು ಮೋರಿಗೆ ಚೆಲ್ಲಿದಳು. ಬಾಟಲಿ ತೊಳೆದು ಬೋರಲು ಹಾಕಿದಳು. ತಮ್ಮನ ಹೆಂಡತಿ, "ಇಂಗಿಲ್ದೆ ಮಾಡಿ ಅತ್ತೆ, ಬೆಳ್ಳುಳ್ಳಿ ಒಗ್ಗರಣೆ ಹಾಕಿ. ಅದೂ ಅಡ್ಡಿಲ್ಲ," ಎಂದಳು. "ನೋಡುವಾ," ಎಂದಳು ಅಮ್ಮ.

ಮುಂದಿನ ಶನಿವಾರ ನಿಲ್ದಾಣಕ್ಕೆ ಹೋದೆ. ಕಂಡಕ್ಟರ್ ಬಾಗಿಲಿನಿಂದಲೇ ಕೈ ಆಡಿಸಿದ. "ಇವತ್ತು ಕೊಡ್ಲಿಲ್ಲ ಅಕ್ಕಾ." ಅಲ್ಲಿಂದಲೇ ಫೋನ್ ಮಾಡಿದೆ.

"ಇನ್ನೆಂತದ್ರಲ್ಲಿ ಎಂತಾ ಇರ್ತದೇನ," ಎಂದಳು ಅಮ್ಮ. "ಅಷ್ಟು ಸಣ್ಣ ಅಕ್ಷರ ನಂಗೆ ಕಾಣೂದಿಲ್ಲ. ನಿಂದು ನೀನೇ ಮಾಡ್ಕೊ. ಹುಷಾರಾಗೂದು ಮುಖ್ಯ."

ಆಯ್ತು ಎಂದೆ. ಕಚೇರಿಗೆ ಹೋಗಿ ಪುಟ ಕಳಿಸಿದೆ. ಮಧ್ಯಾಹ್ನ ಅನ್ನಕ್ಕೆ ಮಜ್ಜಿಗೆ ಕಲಸಿ ಉಂಡೆ.

ಅಕ್ಟೋಬರಿನಲ್ಲಿ ಗೋವಾದಿಂದ ಅಕ್ಕಿ ಹಿಟ್ಟು ಬೆರೆಸಿದ ಇಂಗು ತಂದೆ. ಅದರ ಚೀಟಿಯನ್ನು ಅಮ್ಮನಿಗೆ ದೊಡ್ಡದಾಗಿ ಓದಿ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡಳು. ಪೊಟ್ಟಣವನ್ನು ಮೇಲಿನ ಕಪಾಟಿನಲ್ಲಿಟ್ಟಳು. ಆ ದಿನ ನನಗೆ ಕುಡಿಯಲು ಎಳನೀರು ಮಾತ್ರ ಕೊಟ್ಟಳು. ಕಾಯಿ ನನ್ನ ಎದುರಿಗೇ ಕೆತ್ತಿಸಿದಳು.

ಈ ವರ್ಷ ಫೆಬ್ರವರಿಯಲ್ಲಿ ನಾಲ್ಕನೇ ವರದಿ ಬಂತು. ಅಂಕಿ ಮಿತಿಯೊಳಗಿದೆ. ಎಂಡೋಸ್ಕೋಪಿ ಬೇಡ ಎಂದರು ವೈದ್ಯರು. ಅಮ್ಮನಿಗೆ ಫೋನಿನಲ್ಲಿ ತಿಳಿಸಿದೆ.

"ನೋಡು, ನಾ ಕಳ್ಸೂದು ಬಿಟ್ಮೇಲೆ ಇಳೀತು," ಎಂದಳು.

"ಇಂಗು ಬಿಟ್ಮೇಲೆ ಅಮ್ಮಾ."

"ಎರಡೂ ಒಂದೇ."

ಡಬ್ಬಿ ಬರುವುದು ಮತ್ತೆ ಶುರುವಾಗಿಲ್ಲ. ಗೋವಾದ ಪೊಟ್ಟಣ ಇನ್ನೂ ಒಡೆದಿಲ್ಲ ಎಂದು ತಮ್ಮನ ಹೆಂಡತಿ ಮೊನ್ನೆ ಹೇಳಿದಳು. ಆ ಮನೆಯಲ್ಲಿ ಈಗ ಯಾರ ತೋವೆಗೂ ಇಂಗು ಬೀಳುವುದಿಲ್ಲ.