ಮೂರನೇ ಮಹಡಿಯ ಸಮುದ್ರ

ನಮ್ಮ ಕಾಕಾ ಸಮುದ್ರವನ್ನು ಮೂರನೇ ಮಹಡಿಗೆ ಹೊತ್ತು ತಂದು ಸೊಂಟ ಮುರಿದುಕೊಂಡರು. ಈ ಮಾತಿನಲ್ಲಿ ಉತ್ಪ್ರೇಕ್ಷೆ ಇದೆ, ಆದರೆ ಬಹಳ ಇಲ್ಲ. ಗೋಕುಲ ರಸ್ತೆಯ ಅವರ ಫ್ಲ್ಯಾಟಿನಲ್ಲಿ, ಟಿವಿ ಇರಬೇಕಾದ ಜಾಗದಲ್ಲಿ, ಎರಡಡಿ ಉದ್ದದ ಗಾಜಿನ ತೊಟ್ಟಿ ಇದೆ. ಅದರಲ್ಲಿ ಉಪ್ಪುನೀರು, ನಾಲ್ಕಾರು ಕಲ್ಲು, ಕಲ್ಲುಗಳ ಮೇಲೆ ಜೀವಂತ ಹವಳ, ಕೇಸರಿ ಮೈಗೆ ಬಿಳಿ ಪಟ್ಟಿ ಸುತ್ತಿಕೊಂಡ ಎರಡು ಮೀನು. ಕುಡಿಯುವ ನೀರಿಗೇ ನಳದ ದಾರಿ ಕಾಯುವ ಊರಿನಲ್ಲಿ ಕುಡಿಯಲಾಗದ ನೀರನ್ನು ಸಾಕಿದ ಗಂಡಸು ಅವರೊಬ್ಬರೇ ಇರಬೇಕು. ಈ ಬೇಸಿಗೆಯ ಶುರುವಿಗೆ, ತೊಟ್ಟಿಗೆಂದು ಕಲಸಿಟ್ಟ ಉಪ್ಪುನೀರಿನ ಬಕೆಟ್ಟನ್ನು ಎತ್ತಲು ಬಗ್ಗಿದವರು ಹಾಗೇ ನಿಂತರು. ಪ್ರಶ್ನಾರ್ಥಕ ಚಿಹ್ನೆಯ ಆಕಾರದಲ್ಲೇ ಅವರನ್ನು ಸತ್ತೂರಿನ ದವಾಖಾನೆಗೆ ಒಯ್ದೆವು. ಬೆನ್ನಿನ ಆಪರೇಷನ್ ಆಗಬೇಕೆಂದರು.

ಕಾಕು ಗಂಡನ ಜೊತೆ ದವಾಖಾನೆಯಲ್ಲಿ. ಅಜ್ಜಿಗೆ ಮೊಣಕಾಲು ನೋವು, ಆ ಕಟ್ಟಡಕ್ಕೆ ಲಿಫ್ಟ್ ಇಲ್ಲ, ಹೀಗಾಗಿ ಆಕೆ ಮೂರನೇ ಮಹಡಿ ಬಿಟ್ಟು ಇಳಿಯುವುದೇ ಇಲ್ಲ. ಅಜ್ಜಿಯನ್ನೂ ತೊಟ್ಟಿಯನ್ನೂ ಯಾರು ನೋಡಿಕೊಳ್ಳಬೇಕು ಎಂಬ ಪ್ರಶ್ನೆ ಬಂದಾಗ, ಕಮರಿಪೇಟೆಯ ನಮ್ಮ ಮನೆಯಲ್ಲಿ ಅಪ್ಪ ತಲೆ ಎತ್ತದೆ ಹೇಳಿದರು.

"ಇಂವ ಖಾಲಿ ಅದಾನಲ್ಲ."

ಖಾಲಿ ಅಂದರೆ ನಾನು. ನನ್ನ ಉದ್ಯೋಗ ಮಿಮಿಕ್ರಿ. ಮದುವೆ ರಿಸೆಪ್ಷನ್ನುಗಳಲ್ಲಿ ಮೈಕು ಹಿಡಿದು ಬೀಗರ ದನಿ ತೆಗೆದು ಬೀಗರನ್ನೇ ನಗಿಸುತ್ತೇನೆ. ಸಂಬಂಧಿಕರ ಪೈಕಿ ನಾನು ಅಣಕಿಸದೆ ಬಿಟ್ಟವರಿಲ್ಲ. ಅಪ್ಪನ ಪ್ರಕಾರ ಇದು ಕೆಲಸವಲ್ಲ, ಗಂಟಲಿನ ರೋಗ. ಆದರೆ ಆ ತಿಂಗಳೇ ಒಂದು ಹಾಸ್ಯ ತಂಡದ ಯಜಮಾನರು ನನ್ನ ಮಿಮಿಕ್ರಿ ಕೇಳಿ ಮೆಚ್ಚಿ, ಬರುವ ತಿಂಗಳ ಟೂರಿಗೆ ಬಾ ಎಂದಿದ್ದರು. ಬೆಳಗಾವಿ, ಬಾಗಲಕೋಟೆ, ವಿಜಯಪುರ. ಎರಡು ವಾರ, ಒಂದು ವ್ಯಾನು, ಊಟದ ಪಂಕ್ತಿಯ ಪಕ್ಕದಲ್ಲಲ್ಲದ ನಿಜವಾದ ವೇದಿಕೆ. ನನಗೆ ಬೇಕಾಗಿದ್ದದ್ದು ಅದೊಂದೇ.

"ನಿಮ್ಮ ಕಾಕಾ ಮನಿಗೆ ಬಂದ ದಿನಾನ ನಿನಗ ಬಿಡುಗಡಿ," ಎಂದು ಕಾಕು ಮಾತು ಕೊಟ್ಟರು. ಬಿಡುಗಡೆ ಎಂಬ ಶಬ್ದ ಕೇಳಿದಾಗಲೇ ಒಳಗೆ ಹೋಗುತ್ತಿರುವುದು ಎಂಥಾ ಜಾಗ ಎಂದು ನನಗೆ ತಿಳಿಯಬೇಕಿತ್ತು.

ಕಾಕಾ ಹಾಸಿಗೆಯಲ್ಲಿ ಮಲಗಿದಲ್ಲಿಂದಲೇ ವಿಡಿಯೋ ಕಾಲ್ ಮಾಡಿ ಪಾಠ ಶುರು ಮಾಡಿದರು. ಅವರ ದನಿ ಮೂಗಿನಲ್ಲಿ ಹುಟ್ಟಿ ಮೂಗಿನಲ್ಲೇ ಸಾಯುತ್ತದೆ, ನನಗೆ ತೆಗೆಯಲು ಬಹಳ ಸುಲಭ.

"ಲೇ, ನೀ ಮೀನ ಸಾಕಾಕತ್ತಿಲ್ಲ. ನೀರ ಸಾಕಾಕತ್ತಿ. ನೀರ ಛಲೋ ಇದ್ರ ಮೀನ ತಾವ ಇರ್ತಾವು."

"ನೀರಿಗೆ ಏನ ಹಾಕಬೇಕ್ರಿ ಕಾಕಾ? ರೊಟ್ಟಿ?"

"ಚ್ಯಾಷ್ಟಿ ಬಿಡು. ಬರಕೋ."

ನೀರನ್ನು ಸಾಕುವುದು ಹೀಗೆ. ಬೇಸಿಗೆಯಲ್ಲಿ ತೊಟ್ಟಿ ಬಿಸಿಯಾಗಬಾರದೆಂದು ಮೇಲೆ ಸಣ್ಣ ಫ್ಯಾನು ಓಡುತ್ತಿರುತ್ತದೆ. ಫ್ಯಾನಿನ ಗಾಳಿಗೆ ನೀರು ಆರುತ್ತದೆ, ಉಪ್ಪು ಆರುವುದಿಲ್ಲ. ಹೀಗಾಗಿ ನೀರು ಇಳಿದಷ್ಟೂ ಉಳಿದದ್ದು ಉಪ್ಪಾಗುತ್ತ ಹೋಗುತ್ತದೆ. ಅದಕ್ಕೆ ಬೆಳಿಗ್ಗೆ ಸಂಜೆ ಫಿಲ್ಟರಿನ ಸಪ್ಪೆ ನೀರು ಸುರಿದು, ಗಾಜಿಗೆ ಅಂಟಿಸಿದ ಪಟ್ಟಿಯ ಮಟ್ಟಕ್ಕೆ ತರಬೇಕು. ಆಮೇಲೆ ಕ್ಷಾರ. ಹವಳ ತನ್ನ ಎಲುಬು ಕಟ್ಟಿಕೊಳ್ಳಲು ನೀರಿನೊಳಗಿನ ಕ್ಯಾಲ್ಸಿಯಮ್ಮನ್ನೂ ಕ್ಷಾರವನ್ನೂ ದಿನಾಲೂ ತಿನ್ನುತ್ತದೆ. ತಿಂದಷ್ಟನ್ನು ನಾವು ಮರಳಿ ಹಾಕಬೇಕು. ಎಷ್ಟು ತಿಂದಿದೆ ಎಂದು ತಿಳಿಯಲು ಸಣ್ಣ ಸೀಸೆಯಲ್ಲಿ ತೊಟ್ಟಿಯ ನೀರು ಹಿಡಿದು, ಬಣ್ಣದ ಔಷಧ ಹಾಕಿ, ಇನ್ನೊಂದು ಔಷಧವನ್ನು ಹನಿ ಹನಿಯಾಗಿ ಬಿಡುತ್ತ, ನೀಲಿ ಹೋಗಿ ಹಳದಿ ಬರುವವರೆಗೆ ಹನಿ ಎಣಿಸಬೇಕು. ಕ್ಷಾರ ಕಡಿಮೆಯಾಗಿದ್ದರೆ ಕಾಕಾ ಹಾಕುತ್ತಿದ್ದದ್ದು ತಿನ್ನುವ ಸೋಡಾ. ಹೌದು, ಮಿರ್ಚಿ ಭಜಿಯ ಹಿಟ್ಟಿಗೆ ಹಾಕುವ ಅದೇ ಸೋಡಾ. ಸೋಡಾ ಹಾಕಿದ ಕೂಡಲೇ ಕ್ಯಾಲ್ಸಿಯಂ ಹಾಕಿದರೆ ಎರಡೂ ಒಂದನ್ನೊಂದು ಹಿಡಿದುಕೊಂಡು ತೊಟ್ಟಿಯೆಲ್ಲ ಒಡೆದ ಹಾಲಿನಂತಾಗುತ್ತದೆ. ನಡುವೆ ತಾಸುಗಟ್ಟಲೆ ಬಿಡಬೇಕು. ಆ ತಾಸುಗಳಲ್ಲಿ ನಾನು ಎಲ್ಲೂ ಹೋಗುವಂತಿಲ್ಲ.

"ನಂಬರ ಸ್ವಲ್ಪ ಕಡಿಮಿ ಇದ್ರೂ ನಡೀತೈತಿ," ಎಂದರು ಕಾಕಾ. "ಜಿಗದಾಡಿದ್ರ ನಡಿಯಂಗಿಲ್ಲ. ಇವತ್ತ ಹೆಂಗೈತಿ, ನಾಳೆನೂ ಹಂಗ ಇರಬೇಕು."

ಇದನ್ನು ಅವರು ಹೇಳಿದ್ದು ನನಗೆ. ಒಂದು ವಾಕ್ಯ ಮುಗಿಯುವುದರೊಳಗೆ ಮೂವರ ದನಿ ಬದಲಿಸುವ ಗಿರಾಕಿಗೆ.

ಮೊದಲ ವಾರ ನಾನು ಇದನ್ನೆಲ್ಲ ಆಟವೆಂದೇ ಮಾಡಿದೆ. ಆಮೇಲೆ ದಿನಗಳು ಒಂದರ ಮೇಲೊಂದು ಅಂಟಿಕೊಂಡವು. ಗೆಳೆಯರು ಉಣಕಲ್ ಕೆರೆಯ ದಂಡೆಗೆ ಗಿರಮಿಟ್ ತಿನ್ನಲು ಕರೆದರೆ, "ಕ್ಯಾಲ್ಸಿಯಂ ಹಾಕೋ ಟೈಮ್ ಆತು" ಎನ್ನಬೇಕಾಯಿತು. ಯಾರಿಗೋ ಮೂಳೆ ಮುರಿದಿದೆ ಎಂದುಕೊಂಡ ಒಬ್ಬ ಎಳನೀರು ತಂದುಕೊಟ್ಟು ಹೋದ. ಕರೆಂಟು ಹೋದರೆ ಬ್ಯಾಟರಿಯ ಗಾಳಿಪಂಪನ್ನು ತೊಟ್ಟಿಗೆ ಇಳಿಬಿಟ್ಟು, ಅದು ಗುಳುಗುಳು ಅನ್ನುವುದನ್ನು ಕೇಳುತ್ತ, ಬೆವರುತ್ತ ಕೂತಿರುತ್ತಿದ್ದೆ. ಮೀನಿಗೆ ಗಾಳಿ ಇತ್ತು, ನನಗಿರಲಿಲ್ಲ. ದೊಡ್ಡ ತೊಟ್ಟಿಯಾದರೆ ಒಂದು ದಿನ ತಪ್ಪಿದರೂ ನೀರು ತಡೆದುಕೊಳ್ಳುತ್ತದಂತೆ. ಇಷ್ಟು ಸಣ್ಣದರಲ್ಲಿ ತಪ್ಪಿಗೆ ಅಡಗಿಕೊಳ್ಳಲು ಜಾಗವಿಲ್ಲ. ನನಗೂ ಇರಲಿಲ್ಲ. ಪಡಸಾಲೆ, ಅಡುಗೆಮನೆ, ಬಾಲ್ಕನಿ, ಮತ್ತೆ ಪಡಸಾಲೆ. ಮೀನುಗಳು ಎಡದ ಗಾಜಿಗೆ ಹೋಗಿ ತಿರುಗುತ್ತಿದ್ದವು, ನಾನು ಬಾಲ್ಕನಿಗೆ ಹೋಗಿ ತಿರುಗುತ್ತಿದ್ದೆ. ಅಜ್ಜಿ ಕುರ್ಚಿಯಲ್ಲಿ ಕೂತು ಇಬ್ಬರನ್ನೂ ನೋಡುತ್ತಿದ್ದಳು.

"ಏ ಮಂಗ್ಯಾ," ಎಂದಳು ಒಂದು ಮಧ್ಯಾಹ್ನ. "ಎಲ್ಲಾರ ದನಿ ತೆಗೀತಿಯಲ್ಲ, ಆ ಮೀನಿಂದ ತೆಗಿ ನೋಡೂಣು."

ನಾನು ಗಾಜಿನ ಎದುರು ನಿಂತು ಸದ್ದಿಲ್ಲದೆ ಬಾಯಿ ತೆರೆದು ಮುಚ್ಚಿದೆ.

"ಹ್ಞಾಂ. ಇದೊಂದ ನಿನಗ ಬರೋಬ್ಬರಿ ಬರ್ತೈತಿ."

ಮೂರನೆಯ ವಾರಕ್ಕೆ ತೊಟ್ಟಿ ಕೆಟ್ಟಿತು. ಕಲ್ಲುಗಳ ಮೇಲೆ ಹಸಿರು ಕೂದಲಿನಂಥ ಪಾಚಿ ಎದ್ದಿತು, ನೀರಿನ ಮೇಲೆ ಕೆನೆಯಂಥ ಪೊರೆ ತೇಲಿತು, ಹವಳಗಳು ಬೆರಳು ಮಡಚಿಕೊಂಡು ಮುಷ್ಟಿಯಾದವು. ಪಾಚಿಗೆ ಗೊಬ್ಬರವಾಗುವ ಫಾಸ್ಫೇಟ್ ಎಂಬುದನ್ನು ಪರೀಕ್ಷಿಸಿದರೆ ಸೀಸೆ ಕಡುನೀಲಿ, ಅಂದರೆ ವಿಪರೀತ ಹೆಚ್ಚು. ಫೋನಿನಲ್ಲಿ ಅದನ್ನು ತೋರಿಸಿದಾಗ ಕಾಕಾನ ಮುಖ ದಿಂಬಿನ ಬಣ್ಣಕ್ಕೆ ಬಂತು.

"ಏನ ಹಾಕಿದಿಲೇ? ಖರೇ ಹೇಳು."

"ನೀವ ಹೇಳಿದ್ದ ಬಿಟ್ಟ ಏನೂ ಹಾಕಿಲ್ರಿ."

"ಮತ್ತ ಅದು ಆಕಾಶದಿಂದ ಬಿತ್ತೇನು?"

ಮೀನಿನ ಊಟ ಕಡಿಮೆ ಮಾಡಿದೆ, ನೀರು ಬದಲಿಸಿದೆ, ಪಾಚಿಯನ್ನು ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದೆ. ನಾಲ್ಕು ದಿನಕ್ಕೆ ಮತ್ತೆ ಅದೇ. ವ್ಯಾನು ಹೊರಡುವ ದಿನ ಹತ್ತಿರವಾಗುತ್ತಿತ್ತು. ಸತ್ತ ತೊಟ್ಟಿಯ ಮುಂದೆ ಕಾಕಾನನ್ನು ಇಳಿಸಿ ನಾನು ಟೂರಿಗೆ ಹೋಗುವುದನ್ನು ಕಲ್ಪಿಸಿಕೊಂಡರೆ, ಯಾವ ದನಿಯಲ್ಲೂ ಅದಕ್ಕೊಂದು ಜೋಕು ಹುಟ್ಟುತ್ತಿರಲಿಲ್ಲ.

ನಳ ಬಂದ ಒಂದು ಬೆಳಿಗ್ಗೆ, ಎಂದಿಗಿಂತ ಲಗೂನೆ ಎದ್ದು ನೀರು ತುಂಬಿಸುತ್ತಿದ್ದೆ. ಅಡುಗೆಮನೆಯಿಂದ ಹೊರಬಂದರೆ ಅಜ್ಜಿ ಹಣೆತುಂಬ ವಿಭೂತಿ ಹಚ್ಚಿಕೊಂಡು, ಒಂದು ಕೈಯಲ್ಲಿ ಗೋಡೆ ಹಿಡಿದು, ಇನ್ನೊಂದು ಕೈಯಲ್ಲಿದ್ದ ತಾಮ್ರದ ಗಿಂಡಿಯನ್ನು ತೊಟ್ಟಿಯೊಳಗೆ ಬಗ್ಗಿಸುತ್ತಿದ್ದಳು. ಪೂಜೆಯ ಜಗಲಿಯ ಮೇಲಿನ ದೇವರನ್ನು ತೊಳೆದ ನೀರು. ಅದರಲ್ಲಿ ವಿಭೂತಿ, ಅಭಿಷೇಕದ ಹಾಲು.

"ಅಜ್ಜೀ! ಏನ ಮಾಡಾಕತ್ತಿ?"

"ಚೀರಬ್ಯಾಡ, ಪೂಜಿ ಮುಗಿಸೇನಿ."

"ಆ ನೀರ ಅಲ್ಯಾಕ ಹಾಕ್ತಿ?"

"ಮತ್ತೆಲ್ಲಿ ಹಾಕಲಿ? ದೇವರ ನೀರ ಗಟಾರಕ್ಕ ಬಿಡ್ತಾರೇನು? ತುಳಿಯೋ ಜಾಗಾದಾಗ ಚೆಲ್ತಾರೇನು? ನಿಮ್ಮ ಕಾಕು ಇದ್ದಾಗ ದಿನಾ ಒಯ್ದ ಕೆಳಗ ದಾಸಾಳ ಗಿಡಕ್ಕ ಹಾಕತಿದ್ಲು. ನನಗ ಇಳಿಯಾಕ ಆಗಂಗಿಲ್ಲ. ಈ ಮನ್ಯಾಗ ಗಟಾರ ಅಲ್ಲದ ನೀರಂದ್ರ ಇದೊಂದ."

ಆಕೆ ಹೇಳಿದ್ದು ಸರಿಯಾಗಿಯೇ ಇತ್ತು. ಆಕೆ ಇಳಿಯಲಾರಳು, ದೇವರನ್ನು ಬಿಡಲಾರಳು.

"ನನಗ ಹೇಳಿದ್ರ ನಾ ಒಯ್ತಿದ್ನಲ್ಲ."

"ನೀ ಏಳೂದ ಯಾವಾಗೋ, ಜಳಕಾ ಮಾಡೂದ ಯಾವಾಗೋ. ಮೈಲಿಗಿ ಮೈಯಾಗ ಮುಟ್ಟಾಂವ." ಆಮೇಲೆ ಮೀನುಗಳ ಕಡೆ ನೋಡಿ, ದನಿ ಇಳಿಸಿ, "ಅವಕ್ಕೇನರ ಆತೇನೋ?" ಎಂದಳು.

"ಪುಣ್ಯ ಭಾಳ ಆಗೇತಿ," ಎಂದೆ. ಆಕೆ ನಗಲಿಲ್ಲ. ನಾನೂ ನಗಲಿಲ್ಲ.

ಅವತ್ತಿನಿಂದ ನನ್ನ ಸರಪಳಿಗೆ ಇನ್ನೊಂದು ಕೊಂಡಿ ಸೇರಿತು: ಬೆಳಿಗ್ಗೆ ಮೊದಲು ಜಳಕ, ಆಮೇಲೆ ಗಿಂಡಿ ಹಿಡಿದು ಮೂರು ಮಹಡಿ ಇಳಿದು ದಾಸವಾಳದ ಬುಡಕ್ಕೆ ದೇವರ ನೀರು, ಮೇಲೆ ಬಂದು ತೊಟ್ಟಿಗೆ ಸಪ್ಪೆ ನೀರು. ಹಿಂದಿನ ದಿನವೇ ಉಪ್ಪು ಕಲಸಿಟ್ಟು, ಹತ್ತರಲ್ಲಿ ಒಂದು ಪಾಲಿನಷ್ಟು ನೀರನ್ನು ತೆಗೆದು ಹೊಸದನ್ನು ಹಾಕುತ್ತ, ಹನಿ ಎಣಿಸುತ್ತ, ಜಿಗಿದಾಡದೆ ಇದ್ದೆ. ಕಾಕಾ ಮನೆಗೆ ಬರುವ ಮುಂಚಿನ ದಿನ ಒಂದು ಹವಳ ಮುಷ್ಟಿ ಬಿಚ್ಚಿತು. ಅಜ್ಜಿಯನ್ನು ಕೈಹಿಡಿದು ಕರೆತಂದು ತೋರಿಸಿದೆ.

ಕಾಕಾ ಗುರುವಾರ ಬಂದರು, ಸೊಂಟಕ್ಕೆ ಪಟ್ಟಿ ಕಟ್ಟಿಕೊಂಡು. ವ್ಯಾನು ಶನಿವಾರ. ನನ್ನ ಬ್ಯಾಗು ಬಾಗಿಲ ಬಳಿ ತಯಾರಿತ್ತು.

"ಬಗ್ಗಂಗಿಲ್ಲ, ಎತ್ತಂಗಿಲ್ಲ, ಬಕೆಟ್ ಮುಟ್ಟಂಗಿಲ್ಲ ಅಂದಾರ ಡಾಕ್ಟರು," ಎಂದರು ಕಾಕು, ಎಲ್ಲರಿಗೂ ಕೇಳುವಂತೆ.

ಕಾಕಾ ಕುರ್ಚಿಯಲ್ಲಿ ನೆಟ್ಟಗೆ ಕೂತರು. "ಮಾರಿಬಿಡ್ತೇನಿ," ಎಂದರು. "ಮೀನಿನ ಅಂಗಡಿಯಾಂವಗ ಹೇಳೇನಿ. ನಾಳೆ ಬಂದ ಒಯ್ತಾನ. ನೀ ಹೋಗಪಾ ಟೂರಿಗೆ, ನಿಂದೂ ಭಾಳ ದಿನಾ ಆತು."

ಇದನ್ನು ಹೇಳುವಾಗ ಅವರು ತೊಟ್ಟಿಯ ಕಡೆ ನೋಡಲಿಲ್ಲ, ಎದುರಿನ ಗೋಡೆ ನೋಡುತ್ತಿದ್ದರು. ಬಾಗಿಲು ತೆರೆದಿತ್ತು. ನಾನು ಮಾಡಬೇಕಾಗಿದ್ದದ್ದು ಇಷ್ಟೇ: ಹ್ಞೂಂ ಅನ್ನಬೇಕು, ಬ್ಯಾಗು ಎತ್ತಬೇಕು. ಆದರೆ ಈಗಷ್ಟೇ ಬೆರಳು ಬಿಚ್ಚಿದ ಹವಳವನ್ನು ಈ ಬಿಸಿಲಲ್ಲಿ ಬಕೆಟ್ಟಿಗೆ ಹಾಕಿ, ಬೇರೆ ನೀರಿಗೆ ಬಿಟ್ಟರೆ ಏನಾಗುತ್ತದೆ ಎಂದು ನನಗೆ ಗೊತ್ತಿತ್ತು. ಗೊತ್ತಾಗುವಂತೆ ಮಾಡಿದ್ದೂ ಅದೇ ಗೋಡೆ ನೋಡುತ್ತಿದ್ದ ಮನುಷ್ಯ.

"ಈಗ ಬ್ಯಾಡ್ರಿ ಕಾಕಾ. ತಾಳಂಗಿಲ್ಲ ಅದು. ಎರಡ ವಾರ ತಡೀರಿ, ಗಟ್ಟಿ ಆಗಲಿ."

"ಎರಡ ವಾರ ಯಾರ ನೋಡ್ಕೋತಾರ?"

ಕಾಕು ನನ್ನನ್ನು ನೋಡಿದರು. ಅಜ್ಜಿ ನನ್ನನ್ನು ನೋಡಿದಳು. ಮೀನುಗಳ ಬಗ್ಗೆ ಖಚಿತವಾಗಿ ಹೇಳಲಾರೆ.

ಬಾಲ್ಕನಿಗೆ ಹೋಗಿ ಹಾಸ್ಯ ತಂಡದ ಯಜಮಾನರಿಗೆ ಫೋನು ಮಾಡಿದೆ. ಬರಲು ಆಗುವುದಿಲ್ಲ, ಮನೆಯಲ್ಲಿ ತೊಟ್ಟಿಯ ನೀರು ಇನ್ನೂ ಸರಿಯಾಗಿಲ್ಲ, ದಿನಾಲೂ ನೋಡಬೇಕು ಎಂದೆ. ಯಾರನ್ನೂ ಅಣಕಿಸದೆ, ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ಬಿದ್ದು ಬಿದ್ದು ನಕ್ಕರು.

"ಭಾರಿ ಐತಿ, ಲೇ! ಯಾರ ದನಿ ಇದು? ನನಗ ಗುರ್ತ ಹತ್ತಲಿಲ್ಲ."

"ನಂದರೀ ಸರ."

"ಖರೇನ ಬರಂಗಿಲ್ಲೇನು?" ಎಂದರು. ಖರೇ ಎಂದೆ. ರೈಲಿನ ಸದ್ದು, ನಾಯಿಜಗಳ ಅಣಕಿಸುವ ಗದಗಿನ ಹುಡುಗನೊಬ್ಬ ಇದ್ದಾನೆ, ಅವನಿಗೆ ಹೇಳುತ್ತೇನೆ ಎಂದು ಇಟ್ಟುಬಿಟ್ಟರು.

ಒಳಗೆ ಬಂದಾಗ ಬ್ಯಾಗನ್ನು ಯಾರೋ ದಾರಿಯಿಂದ ಸರಿಸಿ ಮಂಚದ ಕೆಳಗೆ ತಳ್ಳಿದ್ದರು. ಕಾಕಾ ಈಗ ತೊಟ್ಟಿಯ ಕಡೆ ತಿರುಗಿ ಕೂತಿದ್ದರು. "ಪಟ್ಟಿಗಿಂತ ಸ್ವಲ್ಪ ಇಳದೈತಿ ನೋಡಲೇ ನೀರು," ಎಂದರು. ಆಮೇಲೆ ಎರಡು ವಾರ ಕಳೆದವು, ಮಳೆಗಾಲ ಬಂತು. ಅಂಗಡಿಯವನಿಗೆ ಮತ್ತೆ ಫೋನು ಮಾಡುವ ಮಾತನ್ನು ಈ ಮನೆಯಲ್ಲಿ ಯಾರೂ ಎತ್ತಿಲ್ಲ, ನಾನೂ ಎತ್ತಿಲ್ಲ.